ಒಂದೇ ಪಕ್ಕದ ಗೀರು

ಟಿಂಗ್ ಅಂತ ಹಾರಿಯೇಬಿಟ್ಟಿತು ಹಾಳಾದ್ದು, ಉಗುರಿನಷ್ಟೂ ಇಲ್ಲದ ಉಕ್ಕಿನ ತಂತಿ, ಪಿಸ್ಟನ್ನಿನ ಪಿನ್ನು ಜಾರದಂತೆ ತುದಿಯಲ್ಲಿ ಕೂರಬೇಕಾದ ಲಾಕು, ಇಕ್ಕಳದ ಮೂತಿಯಿಂದ ಜಿಗಿದು ಗೋಡೆಗೆ ಬಡಿದು ಮಾಯ, ಎಲ್ಲಿಗೆ ಹೋಗುತ್ತೆ, ಈ ಪಡಸಾಲೆ ದಾಟಿ ಕಾಮಸಮುದ್ರದ ಬಸ್ಸು ಹತ್ತುತ್ತಾ, ಇಲ್ಲೇ ಇರಬೇಕು, ಶಶಿರೇಖ ಮಂಡಿಯೂರಿ ನೆಲದ ಮೇಲೆ ಅಂಗೈ ಸವರುತ್ತಾಳೆ, ರಾಗಿ ಕಾಳು, ಮುರಿದ ಹೇರ್‌ಪಿನ್ನು, ಗ್ರೀಸು ಮೆತ್ತಿದ ಮರದ ಪುಡಿ — ಅಗೋ, ಅತ್ತೆಯ ಪಾದದ ಪಕ್ಕ ಹೊಳೆಯುತ್ತಿದೆ, ದೊಡ್ಡಮುನಿಯಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಾಳೆ, ಲಾಕು ಅವಳಿಗೆ ಕಂಡಿದೆ, ಕಂಡೂ ಕಾಲು ಸರಿಸುವುದಿಲ್ಲ, ಕಾಲು ತೆಗಿಯತ್ತೆ ಅಂದರೆ, ಮರ ಕುಯ್ಯೋ ಮಿಷನ್ನು ಎಂಗಸ್ರು ಮುಟ್ಟೋ ವಸ್ತೂನೇನಮ್ಮಿ, ಒಂದ್ಸಲ ಮುಟ್ಟಿ ಮಾಡಿದ್ದು ಸಾಲ್ದಾ ನಿಂಗೆ, ಅನ್ನುತ್ತಾಳೆ. ಸಾಲ್ದತ್ತೆ, ಅಂದು ಶಶಿರೇಖ ಅವಳ ಪಾದದ ಅಡಿಗೇ ಬೆರಳು ತೂರಿಸಿ ಲಾಕು ಎಳೆದುಕೊಂಡಳು. ಇದೇ ಅತ್ತೆ, ಅಪ್ಪನ ಒಡಹುಟ್ಟಿದ ಅಕ್ಕ, ನಂದಿದುರ್ಗ ಗಣಿಯ ಲೈನು ಮನೆಗೆ ಬಂದಾಗಲೆಲ್ಲ ಸೆರಗಿನ ಗಂಟಲ್ಲಿ ಕಡಲೆಮಿಠಾಯಿ ತರುತ್ತಿದ್ದವಳು, ಇವ್ಳು ನಮ್ಮ ಮುನೇಶಂಗೇ, ಬೇರೆ ಯಾರೂ ಕಣ್ಣಾಕಂಗಿಲ್ಲ ಅಂತ ಜಡೆ ಹಾಕುತ್ತಾ ಹಾಕುತ್ತಾ ಸೊಸೆ ಮಾಡಿಕೊಂಡವಳು, ಅದೇ ಬಾಯಿ ಈಗ ನಲ್ಲಿಯ ಹತ್ತಿರ, ಹಾಲಿನ ಡೇರಿಯ ಹತ್ತಿರ, ನನ್ ಮಗನ ಕಾಲು ನುಂಗಿದವ್ಳು ಅನ್ನುತ್ತೆ, ಅನ್ನಲಿ, ಎಷ್ಟು ದಿನ ಅನ್ನುತ್ತಾಳೆ, ಇನ್ನೊಂದು ಗಂಟೆ ಅನ್ನಲಿ.

ಲಾಕು ಈ ಸಲ ಕೂತಿತು, ಕಿಟ್ ಅಂದಿತು, ಬೆರಳಿಟ್ಟು ತಿರುಗಿಸಿ ನೋಡಿದಳು, ಭದ್ರ. ಹೊಸ ಪಿಸ್ಟನ್ನು ಬೆಳ್ಳಗೆ ಮಿರುಗುತ್ತಿದೆ, ಉಂಗುರಗಳ ಸಂದು ಸರಿಯಾದ ಕಡೆ ಬಂದಿದೆಯೇ, ಬಂದಿದೆ, ಎಣ್ಣೆ ಸವರಿ ಎರಡು ಬೆರಳಲ್ಲಿ ಉಂಗುರ ಅಮುಕಿ ಹಿಡಿದು ಮೇಲಿನಿಂದ ಹೊಸ ಸಿಲಿಂಡರನ್ನು ಇಳಿಸಬೇಕು, ಒತ್ತಬಾರದು, ಒತ್ತಿದರೆ ಉಂಗುರ ಮುರಿಯುತ್ತೆ, ಅಪ್ಪ ಲೈನು ಮನೆ ಮುಂದೆ ಪಂಪ್‌ಸೆಟ್ಟು ಬಿಚ್ಚಿ ಕೂತಾಗ ಹೇಳುತ್ತಿದ್ದುದು ಅದೇ, ಮೆಲ್ಲಗೆ ಮಗಾ ಮೆಲ್ಲಗೆ, ಅದೇ ಓಯ್ತದೆ — ಅದೇ ಹೋಯಿತು, ಇಳಿಯಿತು, ನಾಲ್ಕು ಬೋಲ್ಟು ಎದುರುಬದುರಾಗಿ ಬಿಗಿ ಮಾಡುತ್ತಾಳೆ. ಮುನೇಶ ಹೊರಗೆ ಬಿಸಿಲಲ್ಲಿ ಮಂಚದ ಮೇಲೆ ಕೂತಿದ್ದಾನೆ, ಕೋಲು ಪಕ್ಕಕ್ಕಿದೆ, ತೆರೆದ ಬಾಗಿಲಿಂದ ಅವನ ಬೆನ್ನು ಕಾಣುತ್ತದೆ, ಅವನು ಇತ್ತ ತಿರುಗುವುದಿಲ್ಲ, ಯುಗಾದಿಗೆ ಮುಂಚಿನಿಂದ ಅವನು ಗೋಡೆ ನೋಡುವುದನ್ನೇ ಕಲಿತುಬಿಟ್ಟಿದ್ದಾನೆ. ಆವತ್ತು ಕಾಮಸಮುದ್ರದ ಕಡೆಯ ನೀಲಗಿರಿ ತೋಪು, ಅವನು ಕೊಯ್ಯುತ್ತಾ ಮುಂದೆ, ಅವಳು ಉರುಳಿದ ಮರದ ತೊಗಟೆ ಸುಲಿಯುತ್ತಾ ಹಿಂದೆ, ಕಂಟ್ರಾಕ್ಟರ್ ಮುನಿನಾರಾಯಣಪ್ಪನ ಲಾರಿ ರೋಡಲ್ಲಿ ಹಾರನ್ನು ಹೊಡೆಯುತ್ತಿದೆ, ಬೇಗ ಬೇಗ, ಧೂಳೋ ಧೂಳು, ಮಿಷನ್ನು ಅರ್ಧ ಮರ ಕೊಯ್ದು ಕ್ರೀಚ್ ಅಂತ ನಿಂತೇಹೋಯಿತು, ಚೈನು ಮರದೊಳಗೆ ಸಿಕ್ಕಿಬಿತ್ತು, ಅವನು ಎಳೆಯುತ್ತಿದ್ದಾನೆ, ಗಾಳಿ ಬೀಸಿತು, ಬಿಟ್ ಓಡು ಬಾವಾ ಅಂತ ಅವಳು ಕಿರುಚಿದ್ದು ಅವಳಿಗೇ ಕೇಳಿಸಲಿಲ್ಲ, ಮರ ಸೀಳಿ ತಿರುಚಿಕೊಂಡು ಬಂತು. ತೊಡೆಯ ಮೂಳೆಗೆ ರಾಡು ಹಾಕಿದ್ದಾರೆ, ನಡೆಯುತ್ತಾನೆ, ಮರ ಕೊಯ್ಯುವುದು ಇನ್ನಿಲ್ಲ.

ಮುನಿನಾರಾಯಣಪ್ಪ ಮಿಷನ್ನನ್ನು ತಂದು ಅಂಗಳಕ್ಕೆ ಹಾಕಿದ, ಸ್ಟಾರ್ಟು ಮಾಡುವ ಹಗ್ಗ ಎಳೆದು ತೋರಿಸಿದ, ಅಲುಗಲಿಲ್ಲ, ಎಣ್ಣೆ ಇಲ್ದಿರೋ ಪೆಟ್ರೋಲು ಕುಡಿಸವ್ರೆ, ಎಂಜಿನ್ನು ಇಡ್ಕೊಂಡದೆ, ಪೆಟ್ರೋಲು ಕಲ್ಸೋರು ಯಾರು, ಅಂದ. ಎಲ್ಲರ ಕಣ್ಣೂ ಇವಳ ಮೇಲೆ. ಈ ಮಿಷನ್ನಿಗೆ ಪೆಟ್ರೋಲಿನ ಜೊತೆಗೇ ಟೂಟಿ ಎಣ್ಣೆ ಬೆರೆಸಿ ಹಾಕಬೇಕು, ಬೈಕಿನ ಪೆಟ್ರೋಲು ಹಾಗೇ ಸುರಿದರೆ ಸುಟ್ಟುಹೋಗುತ್ತೆ, ಬೆರೆಸುವ ಕೆಲಸ ಅವಳದು, ದಿನಾ ಬಾಟಲಿಗೆ ಮುಚ್ಚಳದಲ್ಲಿ ಅಳೆದು ಸುರಿದು ಕುಲುಕುವುದು, ಪೆಟ್ರೋಲು ಹಸಿರು ತಿರುಗುವುದು. ಆವತ್ತು? ಆವತ್ತು ಬೆಳಿಗ್ಗೆ ಅವಳ ಮೇಕೆಯನ್ನು ಮುನೇಶ ಕೇಳದೆ ಮಾರಿದ್ದಕ್ಕೆ ಜಗಳ, ಬಾಟಲಿ ಹಿಡಿದೇ ಕಿತ್ತಾಡಿದ್ದಳು, ಮುಚ್ಚಳ ತೆಗೆದದ್ದು ನೆನಪಿದೆ, ಅವನು ಅಂದದ್ದು ನೆನಪಿದೆ, ತಾನು ಅಂದದ್ದು ಇನ್ನೂ ಚೆನ್ನಾಗಿ ನೆನಪಿದೆ, ಎಣ್ಣೆ ಸುರಿದದ್ದು ಮಾತ್ರ ನೆನಪಿಲ್ಲ, ಎಷ್ಟು ತಡಕಿದರೂ ಅಲ್ಲಿ ಏನೂ ಸಿಗುವುದಿಲ್ಲ. ಆಕ್ದೆ ಕಣತ್ತೆ ಅಂದಳು, ಧ್ವನಿ ನಡುಗಿತು, ಆ ನಡುಕವನ್ನೇ ಹಿಡಿದುಕೊಂಡು ಊರು ತೀರ್ಪು ಕೊಟ್ಟಿತು. ನೀನಾದ್ರೂ ದಿಟ ಏಳು ಬಾವಾ, ಬಣ್ಣ ನೋಡಿರ್ತೀಯಲ್ಲ, ಅಂತ ಆಸ್ಪತ್ರೆಯ ಮಂಚದ ಪಕ್ಕ ನಿಂತು ಕೇಳಿದ್ದಳು, ಅವನು ಗೋಡೆಯ ಕಡೆ ತಿರುಗಿದ. ಪಾಪ ನೋವು, ಅಂದುಕೊಂಡಳು, ನನ್ನನ್ನು ಬೈಯಬಾರದು ಅಂತ ಸುಮ್ಮನಿದ್ದಾನೆ ಅಂದುಕೊಂಡಳು, ಒಳ್ಳೆಯ ಗಂಡ ಅಂದುಕೊಂಡಳು! ಅವನು ಮನೆಗೆ ಬಂದ ಮೇಲೆ ಮಿಷನ್ನು ಅವನ ಮಂಚದ ಕೆಳಗೇ ಹೋಯಿತು, ಗುಜರಿಗೂ ಕೊಡಲಿಲ್ಲ, ಬಿಚ್ಚಲೂ ಬಿಡಲಿಲ್ಲ, ಅದ್ನ ಮುಟ್ಬೇಡ ಕಣೇ, ಮುಗೀತು ಅದ್ರ ಕತೆ, ಅಂದ.

ಮುಗಿದಿಲ್ಲ ಅಂತ ಅವಳೇ ಎಳೆದು ಹೊರಗೆ ಹಾಕಿದ್ದು ಹೋದ ಸೋಮವಾರ. ಬೇತಮಂಗಲದ ಕಲ್ಪನ, ಡೇರಿಯ ಮೀಟಿಂಗಿನಲ್ಲಿ ಸಿಗುವವಳು, ನಮ್ಮ ತೋಪು ಕೊಯ್ಯೋಕೆ ಗಂಡಸ್ರು ಬರ್ತೀನಿ ಬರ್ತೀನಿ ಅಂತ ಸತಾಯಿಸ್ತವ್ರೆ, ನೀನು ಮಿಷನ್ ಇಡೀತೀಯಾ ಶಶಿ, ಅಂದಿದ್ದಳು. ಹಿಡಿದೇ ಹಿಡಿಯುತ್ತೀನಿ, ತೋಪಿನಲ್ಲಿ ಅವನು ಬೀಡಿ ಸೇದುವಾಗೆಲ್ಲ ಕೊಂಬೆ ಕತ್ತರಿಸಿದವಳು ಯಾರು ಮತ್ತೆ. ಆದರೆ ಬಿಚ್ಚುವ ಮುಂಚೆ ಸ್ಪ್ಯಾನರನ್ನು ಎರಡು ಸಲ ಕೆಳಗಿಟ್ಟಿದ್ದಳು, ಸುಳ್ಳು ಯಾಕೆ, ಒಳಗೆ ತನ್ನ ತಪ್ಪೇ ಕೂತಿದ್ದರೆ? ಇದ್ದರೆ ಇರಲಿ, ಕಣ್ಣಾರೆ ನೋಡುತ್ತೀನಿ, ಕಾಣದ ತಪ್ಪನ್ನು ಹೊತ್ತುಕೊಂಡು ತಿರುಗುವುದಕ್ಕಿಂತ ಕಂಡ ತಪ್ಪು ಲೇಸು ಅಂತ ಹಲ್ಲು ಕಚ್ಚಿ ಸ್ಪ್ಯಾನರ್ ತಿರುಗಿಸಿದಳು, ಮೇಲಿನ ಮುಚ್ಚಳದ ತಿರುಪು ಆಗಲೇ ಸಡಿಲ, ಒಳಗೆ ಧೂಳು ತಡೆಯುವ ಫಿಲ್ಟರ್ರೇ ಇಲ್ಲ, ಮುನಿನಾರಾಯಣಪ್ಪನ ಕಡೆಯವರು ತರುವಾಗ ಬೀಳಿಸಿರಬೇಕು ಅಂದುಕೊಂಡಳು. ಪಿಸ್ಟನ್ನು, ಸಿಲಿಂಡರು ಎರಡನ್ನೇ ಚೀಲಕ್ಕೆ ಹಾಕಿಕೊಂಡು ಬಂಗಾರಪೇಟೆಯ ಬಸ್ಸು ಹತ್ತಿದಳು. ರೈಲ್ವೆ ಗೇಟಿನ ಹತ್ತಿರ ವೇಣುವಿನ ಅಂಗಡಿ, ಔಷಧಿ ಹೊಡೆಯುವ ಸ್ಪ್ರೇಯರು, ಹುಲ್ಲು ಕತ್ತರಿಸುವ ಮಿಷನ್ನು ಎಲ್ಲ ರಿಪೇರಿ ಮಾಡುವವನು, ಅವನಿಗೆ ಅವಳ ಕಥೆ ಗೊತ್ತಿಲ್ಲ, ಅವಳೂ ಹೇಳಲಿಲ್ಲ, ಇದು ಯಾಕೆ ಹಿಡಿದುಕೊಂಡಿತು ನೋಡು ಅಂದಳು ಅಷ್ಟೆ. ಅವನು ಪಿಸ್ಟನ್ನು ಬೆಳಕಿಗೆ ಹಿಡಿದ, ಒಂದು ಪಕ್ಕ ನುಣ್ಣಗೆ, ಇನ್ನೊಂದು ಪಕ್ಕ ಮೇಲಿಂದ ಕೆಳಗೆ ಗೀರು ಗೀರು ಗೀರು, ಹೆಬ್ಬೆರಳು ಆ ಗೀರುಗಳ ಮೇಲೆ ಎಳೆದ, ಅಕ್ಕಾ, ಎಣ್ಣೆ ಇಲ್ದೆ ಓಡ್ಸಿದ್ರೆ ಸೈಲೆನ್ಸರ್ ಕಡೆ ಮೊದ್ಲು ಸುಡ್ತದೆ, ಇದು ನೋಡು, ಗಾಳಿ ಎಳ್ಕೊಳ್ಳೋ ಕಡೆ ಮಾತ್ರ ತಿಂದದೆ, ಧೂಳು ಕುಡ್ದದೆ, ಫಿಲ್ಟರ್ ಇಲ್ದೆ ಓಡ್ಸವ್ರೆ ಯಾರೋ. ಎಣ್ಣೆ? ಎಣ್ಣೆ ಇತ್ತಕ್ಕಾ, ಒಳಗಿನ್ನೂ ಜಿಡ್ಡದೆ. ಅವಳೂ ಹೆಬ್ಬೆರಳಿಟ್ಟು ನೋಡಿದಳು, ಮೇಲೆ, ಕೆಳಗೆ, ಉಗುರಿಗೆ ಸಿಕ್ಕುವಷ್ಟು ಆಳ, ಅಲ್ಲೇ ಹೊಸ ಪಿಸ್ಟನ್ನು, ಸಿಲಿಂಡರು, ಫಿಲ್ಟರು ಕೊಂಡಳು. ವಾಪಸು ಬಸ್ಸಿನಲ್ಲಿ ಒಬ್ಬಳೇ ನಕ್ಕಳು, ಅತ್ತಳು, ಕಂಡಕ್ಟರು ಎರಡು ಸಲ ತಿರುಗಿ ನೋಡಿದ, ನೋಡಲಿ, ನಾನಲ್ಲ, ನಾನು ಎಣ್ಣೆ ಹಾಕಿದ್ದೆ, ಸಿಟ್ಟಲ್ಲೂ ಹಾಕಿದ್ದೆ, ನಾನಲ್ಲ.

ಮನೆಗೆ ಬಂದವಳು ಬೀದಿಗೆಲ್ಲ ಕೂಗಿಬಿಡುತ್ತಿದ್ದಳು, ತಡೆದುಕೊಂಡಳು, ಮೊದಲು ಮಿಷನ್ನು ಮಾತಾಡಲಿ, ಆಮೇಲೆ ನಾನು. ಹಳೆಯ ಪಿಸ್ಟನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು, ಯಾರಿಗೂ ತೋರಿಸಲಿಲ್ಲ. ಆದರೆ ಮುನೇಶನಿಗೆ ಹೇಳದೆ ಇರುವುದು ಹೇಗೆ, ಅವನೂ ಖುಷಿಪಡಲಿ ಅಂತ, ಬಾವಾ, ಎಣ್ಣೆಯಿಂದ ಅಲ್ವಂತೆ, ಧೂಳಿಂದಂತೆ, ವೇಣು ಅಂದ. ವೇಣುಗೇನ್ಲೇ ಗೊತ್ತು, ಅಂದ, ಮತ್ತೆ ಗೋಡೆ. ಖುಷಿ ಇಲ್ಲ, ಬೆರಗೂ ಇಲ್ಲ, ಹೆದರಿಕೆ ಇತ್ತು ಆ ಧ್ವನಿಯಲ್ಲಿ, ಅದೊಂದು ಅವಳಿಗೆ ಅರ್ಥವಾಗಲಿಲ್ಲ.

ಈಗ ಗಾಳಿಯೂ ಪೆಟ್ರೋಲೂ ಬೆರೆಯುವ ಕಾರ್ಬೋರೇಟರು, ಇದನ್ನು ಇನ್ನೂ ತೊಳೆದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷು ಪೆಟ್ರೋಲಿಗೆ ಅದ್ದಿ ಅದರ ಬಾಯಿ ಉಜ್ಜುತ್ತಾಳೆ, ಕರಿ ಮಣ್ಣು ಇಳಿಯುತ್ತದೆ, ಒಳಗೆ ಏನೋ ಸಿಕ್ಕಿಕೊಂಡಿದೆ, ಕೂದಲಾ, ಬೇರಾ, ಸೂಜಿಯಲ್ಲಿ ಕೆದಕಿದರೆ ಉದ್ದಕ್ಕೆ ಬರುತ್ತಿದೆ, ದಾರ, ಕಪ್ಪು ದಾರ, ಪೆಟ್ರೋಲಿನಲ್ಲಿ ಜಾಲಿಸಿದರೆ ಕಪ್ಪು ಹೋಗಿ ನೀಲಿ, ನೀಲಿಯ ಪಕ್ಕ ಒಂದೆಳೆ ಕೆಂಪು. ನೀಲಿ ಚೌಕಳಿ, ಕೆಂಪು ಅಂಚು. ಅವನ ಟವೆಲ್ಲು. ಬ್ರಷ್ಷು ಕೈಯಲ್ಲೇ ನಿಂತಿತು. ತಲೆಗೆ ಸುತ್ತುತ್ತಿದ್ದ ಟವೆಲ್ಲು, ಆಸ್ಪತ್ರೆಯಿಂದ ತಂದು ಒಗೆಯುವಾಗ ಒಂದು ಮೂಲೆ ಇರಲಿಲ್ಲ, ಮರ ಬಿದ್ದಾಗ ಹರಿದಿರಬೇಕು ಅಂತ ಅವನ ಮಂಚದ ಪಕ್ಕವೇ ಕೂತು ಅಂಚು ಮಡಿಸಿ ಹೊಲಿದಿದ್ದಳು, ಅವನು ಹೊಲಿಗೆಯನ್ನು ನೋಡುತ್ತಾ ಮಲಗಿದ್ದ, ಒಂದೊಂದು ಹೊಲಿಗೆಯನ್ನೂ ನೋಡುತ್ತಿದ್ದ! ಲಾರಿ ಹಾರನ್ನು, ಧೂಳು ಕಟ್ಟಿದ ಫಿಲ್ಟರು, ಎಂಜಿನ್ನು ಉಸಿರು ಕಟ್ಟಿ ನಿಧಾನವಾಗಿದೆ, ತೊಳೆಯಲು ಪುರಸೊತ್ತಿಲ್ಲ, ಕಿತ್ತೆಸೆದು ಟವೆಲ್ಲಿನ ಮೂಲೆ ಹರಿದು ತುರುಕಿದ್ದಾನೆ, ಚೆನ್ನಾಗಿ ಎಳೆದಿರುತ್ತೆ ಒಂದಷ್ಟು ಹೊತ್ತು, ಧೂಳಿನ ಸಮೇತ ಎಳೆದಿರುತ್ತೆ. ಆಮೇಲೆ ಮಿಷನ್ನು ಅವನ ಮಂಚದ ಕೆಳಗೆ, ಮುಟ್ಬೇಡ ಕಣೇ, ಎಲ್ಲರೂ ಮಲಗಿದ ಮೇಲೆ ಕೈ ಇಳಿಬಿಟ್ಟು ತಿರುಪು ಸಡಿಲಿಸಿ ಚಿಂದಿ ಎಳೆದುಕೊಂಡಿದ್ದಾನೆ, ಒಂದೆಳೆ ಉಳಿದದ್ದು ಅವನಿಗೆ ಗೊತ್ತಾಗಿಲ್ಲ. ಫಿಲ್ಟರು ಕಿತ್ತದ್ದಕ್ಕೆ ಸಿಟ್ಟಿಲ್ಲ ಬಾವಾ, ಆ ಅವಸರದಲ್ಲಿ ಯಾರಾದರೂ ಕೀಳುತ್ತಿದ್ದರು, ನಾನೂ ಕೀಳುತ್ತಿದ್ದೆನೇನೋ, ಗೊತ್ತಿದ್ದೂ ನನ್ನ ತಲೆಗೆ ಕಟ್ಟಿ ಗೋಡೆ ನೋಡಿದೆಯಲ್ಲ, ಊರೆಲ್ಲ ಉಗಿಯುವಾಗ ನಿನ್ನ ಮಲಮೂತ್ರ ಬಾಚಿದೆನಲ್ಲ, ತಪ್ಪು ಮಾಡಿದವಳು ಬಾಚಬೇಕು ಅಂತ ಬಾಚಿದೆನಲ್ಲ, ಎದ್ದು ಹೋಗಿ ಆ ಕೋಲು ಕಿತ್ತು ಎಸೆಯಲೇ — ಇಲ್ಲ, ಕೆಲಸ ಬಿಟ್ಟು ಏಳುವುದಿಲ್ಲ, ನಿನಗೋಸ್ಕರ ಒಂದು ಬೋಲ್ಟನ್ನೂ ಸಡಿಲ ಬಿಡುವುದಿಲ್ಲ.

ಕಾರ್ಬೋರೇಟರು ಕೂರಿಸಿದಳು, ಪ್ಲಗ್ಗು ಬಿಗಿದಳು, ಹೊಸ ಫಿಲ್ಟರು, ಮೇಲೆ ಮುಚ್ಚಳ, ತಿರುಪು ಗಟ್ಟಿ. ಮಿಷನ್ನು ಎತ್ತಿಕೊಂಡು ಜಗಲಿಗೆ ಬಂದು, ಬಾಟಲಿಯ ಪೆಟ್ರೋಲಿಗೆ ಮುಚ್ಚಳ ಮೇಲೆತ್ತಿ ಹಿಡಿದು ಎಣ್ಣೆ ಸುರಿದಳು, ನೋಡ್ಕಳ್ರಪ್ಪಾ, ನೋಡ್ಕಳ್ರವ್ವಾ, ಎಣ್ಣೆ ಆಕ್ತಾ ಇವ್ನಿ, ಅಸ್ರು ಬಂತಾ, ಬಂತಾ ಅತ್ತೆ, ಅಂತ ಬೀದಿಗೆ ಕೇಳುವಂತೆ ಕೂಗಿದಳು, ಎದುರು ಮನೆಯವರು ಬಾಗಿಲಿಗೆ ಬಂದರು, ದೊಡ್ಡಮುನಿಯಮ್ಮ ಮೊರದ ಸಮೇತ ಎದ್ದು ಬಂದಳು, ಉಚ್ಚಿಡಿತೇನಮ್ಮೀ ನಿಂಗೆ. ಕುಲುಕಿ ಟ್ಯಾಂಕಿಗೆ ಸುರಿದು, ಒಂದು ಕಾಲು ಮಿಷನ್ನಿನ ಹಿಡಿಯಲ್ಲಿಟ್ಟು ಹಗ್ಗ ಎಳೆದಳು, ಇಲ್ಲ, ಎಳೆದಳು, ಇಲ್ಲ, ಭುಜ ಕಿತ್ತು ಬರುತ್ತಿದೆ, ಯಾರೋ ಕಿಸಕ್ಕೆಂದರು, ನಗಿ, ಚೋಕು ಅರ್ಧ ಒಳಗೆ ತಳ್ಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದಳು — ಫಟ್ ಫಟ್, ನೀಲಿ ಹೊಗೆ, ಆಮೇಲೆ ಹೋ ಅಂತ ಹೊಡೆದುಕೊಂಡಿತು, ಬೀದಿಯ ನಾಯಿಗಳೆಲ್ಲ ಎದ್ದವು, ಓಡ್ತದೆ, ನನ್ನ ಕೈಯಲ್ಲಿ ಓಡ್ತದೆ, ನಾಳೆಯಿಂದ ಇದು ನಂದು, ಇದರ ಪೆಟ್ರೋಲು ನಂದು, ಇದು ಬೀಳಿಸುವ ಮರ ನಂದು.

ಮಿಷನ್ನನ್ನು ಮೆಲ್ಲಗೆ ಓಡಲು ಬಿಟ್ಟು ಒಳಗೆ ಹೋಗಿ ಟ್ರಂಕು ತೆಗೆದಳು. ಅವನ ಮಂಚದ ಮುಂದೆ ನಿಂತಳು, ಅತ್ತೆಯೂ ಬಾಗಿ ನೋಡುತ್ತಿದ್ದಾಳೆ. ದಾರವನ್ನು ಅವನ ಮೊಣಕಾಲ ಮೇಲೆ ಹಾಕಿದಳು, ಪಿಸ್ಟನ್ನನ್ನು ಅವನ ಅಂಗೈಯಲ್ಲಿಟ್ಟಳು, ನುಣ್ಣಗಿನ ಪಕ್ಕ ಮೇಲೆ ಬರುವಂತೆ ಇಟ್ಟಳು, ಬೇಕಂತಲೇ. ಇದ್ಯಾಕೆ ಇಡ್ಕೊಳ್ತು ಅಂತ ನಿಮ್ಮವ್ವಂಗೆ ನೀನೇ ಏಳ್ತೀಯೋ, ನಾನೇ ಏಳ್ಲಾ, ಅಂದಳು, ಎಂಜಿನ್ನಿನ ಸದ್ದನ್ನೂ ಮೀರಿ ಅಂದಳು. ಅವನು ದಾರ ನೋಡಿದ, ಮುಖ ತಿರುಗಿಸಿದ, ಏನ್ಲಾ ಅದು ಮುನೇಶಾ, ಅನ್ನುತ್ತಾಳೆ ಅತ್ತೆ, ಏನ್ಲಾ ಅದು, ಅವನು ಅಂಗಳದ ಗೋಡೆಯನ್ನೇ ನೋಡುತ್ತಿದ್ದಾನೆ, ಆದರೆ ಕೈ, ಅವನು ಈ ಪಿಸ್ಟನ್ನನ್ನು ಇವತ್ತಿನವರೆಗೆ ಕಂಡಿಲ್ಲ, ಗೀರು ಯಾವ ಪಕ್ಕ ಅಂತ ಅವನಿಗೆ ಯಾರೂ ಹೇಳಿಲ್ಲ, ಈಗಲೂ ಕಾಣುತ್ತಿಲ್ಲ, ಕೈ ಅದನ್ನು ತಾನಾಗಿ ತಿರುಗಿಸಿತು, ಸೈಲೆನ್ಸರ್ ಕಡೆಯ ನುಣ್ಣಗಿನ ಪಕ್ಕವನ್ನು ಮುಟ್ಟಿಯೂ ನೋಡದೆ ಗಾಳಿ ಎಳೆಯುವ ಕಡೆಗೆ ತಿರುಗಿಸಿತು, ಹೆಬ್ಬೆರಳು ಹೋಗಿ ಗೀರಿನ ಮೇಲೆ ಕೂತಿತು, ಅತ್ತೆಯ ಬಾಯಿ ಅರ್ಧಕ್ಕೆ ನಿಂತಿದೆ, ಅವಳೂ ಅದನ್ನೇ ನೋಡುತ್ತಿದ್ದಾಳೆ, ಹೆಬ್ಬೆರಳು, ಗೀರಿನ ಮೇಲೆ, ಮೇಲೆ, ಕೆಳಗೆ, ಮೇಲೆ, ಕೆಳಗೆ, ಅವನ ಹೆಬ್ಬೆರಳು —