ಆರು ಮನೆಗಳ ಸೊನ್ನೆ

೧೯೮೧ನೆಯ ಇಸವಿ, ಫೆಬ್ರವರಿ ಒಂಬತ್ತು, ಸೋಮವಾರ. ಪಡೀಲಿನ ಕೀಟನಾಶಕದ ಗೋದಾಮಿನಲ್ಲಿ ಪೀಪಾಯಿಯಿಂದ ಡಬ್ಬಿಗೆ ಮದ್ದು ತುಂಬುವವರು ಒಂಬತ್ತು ಮಂದಿ. ಮದುವೆಯಾದವರು ಆರು. ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ಹುಟ್ಟಿದ ಮಕ್ಕಳು ಸೊನ್ನೆ. ಈ ಲೆಕ್ಕವನ್ನು ಅಂದಿನವರೆಗೆ ಯಾರೂ ಕೂಡಿಸಿ ನೋಡಿರಲಿಲ್ಲ. ಆರು ಮನೆಗಳಲ್ಲಿ ಆರು ಹೆಂಗಸರ ತಲೆಗೆ ದೋಷವನ್ನು ಬೇರೆ ಬೇರೆಯಾಗಿ ಕಟ್ಟಲಾಗಿತ್ತು.

ಕೂಡಿಸಿದವನು ಹ್ಯೂಬರ್ಟ್. ಅವನ ಹೆಂಡತಿ ತೆರೆಸಾ ನರ್ಸು. ಗಂಡನನ್ನು ಬಿಡದೆ ಕರೆದೊಯ್ದು ವೀರ್ಯಪರೀಕ್ಷೆ ಮಾಡಿಸಿದ್ದಳು. ಉಳಿದವರೆಲ್ಲ, ಆ ಆರರಲ್ಲಿ ಒಬ್ಬನಾದ ಮೇಸ್ತ್ರಿ ತಾರಾನಾಥನ ಮಾತಿನಂತೆ ನಡೆಯುವವರು. ಆದ್ದರಿಂದ ಊಟದ ಹೊತ್ತಿಗೆ ಹ್ಯೂಬರ್ಟ್ ಅವನ ಪಕ್ಕದಲ್ಲಿ ಕುಳಿತು, ದನಿ ತಗ್ಗಿಸಿ ಹೇಳಿದನು:

“ನನ್ನದರಲ್ಲಿ ಬೀಜವೇ ಇಲ್ಲ ಮಾರಾಯ. ಒಡೆದದ್ದು ಕೊಡಪಾನದ ಅಡಿ, ನಾವು ಬೈದದ್ದು ಬಾವಿಗೆ. ಆರು ಮನೆಯಲ್ಲೂ ಮಕ್ಕಳಿಲ್ಲ, ಇದು ಈ ಮದ್ದಿನದ್ದೇ ಕೆಲಸ. ನೀನೂ ಒಮ್ಮೆ ನೋಡಿಸು. ಇಬ್ಬರದೂ ಒಂದೇ ಆದ್ರೆ ಉಳಿದವರೂ ಬರ್ತಾರೆ. ಮತ್ತೆ ಧಣಿಯನ್ನು ಕೇಳ್ಲಿಕ್ಕೆ ನಮಗೆ ಬಾಯಿ ಉಂಟು.”

ನಿನ್ನ ಕೊಡಪಾನ ಬೇರೆ, ನನ್ನದು ಬೇರೆ ಎಂದು ತಾರಾನಾಥ ನಕ್ಕುಬಿಟ್ಟನು. ಆದರೆ ಆ ವಾರವೇ, ಯಾರಿಗೂ ತಿಳಿಸದೆ, ಕದ್ರಿಯ ವೈದ್ಯರೊಬ್ಬರಲ್ಲಿಗೆ ಹೋದನು. ಫಲಿತಾಂಶ ಅದೇ. ಬೇರಿನ ಹುಳುವನ್ನು ಕೊಲ್ಲುವ ಈ ಮದ್ದು ಉಸಿರಿನಿಂದಲೂ ಚರ್ಮದಿಂದಲೂ ಒಳಹೊಕ್ಕು, ಬೀಜ ಹುಟ್ಟುವ ಜಾಗವನ್ನೇ ಹಾಳುಮಾಡುತ್ತದೆ, ಅದನ್ನು ಆಳುವ ಗ್ರಂಥಿರಸಗಳ, ಅಂದರೆ ಹಾರ್ಮೋನುಗಳ, ಸಮತೋಲವನ್ನೂ ತಪ್ಪಿಸುತ್ತದೆ. ಹೊರದೇಶದಲ್ಲಿಯೂ ಹೀಗಾದದ್ದು ವರದಿಯಾಗಿದೆ ಎಂದು ವೈದ್ಯರು ವಿವರಿಸಿದರು. ಕೆಲಸ ಬಿಟ್ಟರೆ ಸರಿಹೋದೀತೇ ಎಂದು ಕೇಳಿದ್ದಕ್ಕೆ, ಕೆಲವರಿಗೆ ಸರಿಹೋದದ್ದುಂಟು, ಎಲ್ಲರಿಗೂ ಇಲ್ಲ ಎಂದರು.

ತಾರಾನಾಥನ ಹೆಂಡತಿ ಕುಶಲಾ ಎರಡು ವರ್ಷಗಳಿಂದ ನಂತೂರಿನ ಅಣ್ಣನ ಮನೆಯಲ್ಲಿದ್ದಳು. ಬಂಜೆಯೆಂದು ಅತ್ತೆ ಕಳುಹಿಸಿದ್ದಳು, ಗಂಡ ತಡೆದಿರಲಿಲ್ಲ. ತಾರಾನಾಥ ಅಲ್ಲಿಗೆ ಹೋಗಿ, ಜಗಲಿಯಲ್ಲಿ ನಿಂತು, ದೋಷ ತನ್ನದೆಂದು ತಿಳಿಸಿ, ಮನೆಗೆ ಬಾ ಎಂದು ಕರೆದನು. ಅವಳು ಅಳಲಿಲ್ಲ.

“ನನ್ನಲ್ಲಿ ಹೇಳಿ ಎಂತ ಉಂಟು? ನನಗೆ ಏನೂ ತೊಂದರೆ ಇಲ್ಲ ಅಂತ ಡಾಕ್ಟ್ರು ಆಗ್ಲೇ ಹೇಳಿದ್ದಾರೆ, ನೀವು ನಂಬಲಿಲ್ಲ. ನಿಮ್ಮ ತಂಗಿ ಆಶಾಲತಾಳ ಬಯಕೆಯ ದಿನ, ಬಸುರಿಗೆ ಹೂ ಮುಡಿಸ್ಲಿಕ್ಕೆ ಹೋದ ನನ್ನ ಕೈಯನ್ನು ನಿಮ್ಮ ಅಮ್ಮ ಹಿಡಿದು ಎಳೆದರು, ಅಷ್ಟು ಜನರೆದುರು. ಬರುವ ಆದಿತ್ಯವಾರ ಸಣ್ಣ ತಂಗಿಯ ಬಯಕೆ ಉಂಟಲ್ಲ? ಅದೇ ಜನ ಇರ್ತಾರೆ. ಅಲ್ಲಿ ಹೇಳಿ. ಮತ್ತೆ ನಾನು ಬರ್ತೇನೆ.”

ಅವನು ಒಪ್ಪಿದನು.

ಆದಿತ್ಯವಾರ ಮನೆ ತುಂಬ ಜನ. ಕುಶಲಾ ಕಾಣುವುದಿಲ್ಲವಲ್ಲ ಎಂದು ಚಿಕ್ಕಮ್ಮ ಚಂಪಾ ವಿಚಾರಿಸಿದಳು. ತಾರಾನಾಥ ಎದ್ದು ನಿಂತನು. ತಾಯಿ ಅವನತ್ತ ನೋಡದೆಯೇ ಉತ್ತರ ಕೊಟ್ಟಳು:

“ಇಂಥ ದಿನ ಅವಳನ್ನು ಕರೀಲಿಕ್ಕುಂಟಾ?”

ಎದುರು ಸಾಲಿನಲ್ಲಿ ಇಬ್ಬರು ತಂಗಿಯರ ಗಂಡಂದಿರೂ ಕುಳಿತಿದ್ದರು. ತಾರಾನಾಥ ಅವರನ್ನು ನೋಡಿದನು. ಅಷ್ಟರಲ್ಲಿ ಬಡಿಸುವವರು ಬಂದರು. ಅವನು ಕುಳಿತು ಊಟ ಮುಗಿಸಿದನು.

ಮರುದಿನ ಹ್ಯೂಬರ್ಟ್ ಮತ್ತೆ ಕೇಳಿದನು. ಮನೆಯಲ್ಲಿ ಆಡದ ಮಾತನ್ನು ಗೋದಾಮಿನಲ್ಲಿ ಆಡಿದರೆ ಸಂಜೆಯೊಳಗೆ ಅದು ಮನೆಗೆ ಮುಟ್ಟುವುದೆಂದು ತಾರಾನಾಥನಿಗೆ ತಿಳಿದಿತ್ತು.

“ನೋಡಿಸಿದೆ,” ಎಂದನು. “ನನ್ನದು ಸರಿ ಉಂಟು.”

ಉಳಿದ ನಾಲ್ವರು ಪರೀಕ್ಷೆಗೆ ಹೋಗಲಿಲ್ಲ. ಹ್ಯೂಬರ್ಟ್ ಒಬ್ಬನೇ ಧಣಿಯ ಮುಂದೆ ನಿಂತನು. ಅದು ನಿನ್ನ ಹಣೆಬರಹ ಎಂದು ಧಣಿ ಅವನನ್ನು ಕೆಲಸಕ್ಕೆ ಅಟ್ಟಿದನು. ಜನರೆದುರು ಕುಶಲಾಳಿಗೆ ಸಲ್ಲಬೇಕಾಗಿದ್ದ, ದೋಷ ಹೆಂಗಸಿನದಲ್ಲವೆಂಬ ಒಂದು ಮಾತು, ಆರರಲ್ಲಿ ತೆರೆಸಾಳನ್ನು ಕಳೆದು, ಐದು ಮಂದಿ ಹೆಂಗಸರಿಗೆ ಬಾಕಿ ಉಳಿಯಿತು.