ಮೋಟುವಿನ ಬಾಲದ ಅಳತೆ

ನಮ್ಮತ್ತೆ ಗುರುಮಲ್ಲಮ್ಮನವರ ತವರು ಕುದೇರು. ಅಲ್ಲಿಂದ ಅವರು ತಂದ ಪದ್ಧತಿಗಳಲ್ಲಿ ಇದೂ ಒಂದು. ಮನೆಗೆ ಹೊಸ ಬೆಕ್ಕು ಬಂದರೆ ತೆಂಗಿನ ಪೊರಕೆಯ ಕಡ್ಡಿಯಿಂದ ಅದರ ಬಾಲ ಅಳೆದು, ಅಷ್ಟೇ ಉದ್ದಕ್ಕೆ ಮುರಿದು, ಒರಳುಕಲ್ಲಿನ ಅಡಿಗೆ ಸೇರಿಸಬೇಕು. ಕಡ್ಡಿ ಅಲ್ಲಿರುವ ತನಕ ಬೆಕ್ಕು ಮನೆ ಬಿಟ್ಟು ಹೋಗುವುದಿಲ್ಲ. ನಾನು ಸೊಸೆಯಾಗಿ ತೆರಕಣಾಂಬಿಗೆ ಬಂದ ಮೇಲೆ ಮೂರು ಬೆಕ್ಕುಗಳ ಬಾಲದ ಅಳತೆ ಹೀಗೆ ಕಲ್ಲಿನಡಿ ಸೇರಿದೆ. ಮೂರೂ ಮುದಿಯಾಗುವ ತನಕ ನಮ್ಮಲ್ಲೇ ಇದ್ದವು.

ಎರಡು ಸಾವಿರದ ಐದರಲ್ಲಿ ಬಂದ ನಾಲ್ಕನೆಯದಕ್ಕೆ ಬಾಲವೇ ಇರಲಿಲ್ಲ.

ಅದನ್ನು ಕೊಟ್ಟವನು ತರಕಾರಿ ಮಂಡಿಯ ಮಾರಯ್ಯ. ಕ್ಯಾಲಿಕಟ್‌ಗೆ ಲೋಡ್ ಕಳಿಸುವಾಗ ಅಲ್ಲಿಯ ಸಾಹುಕಾರರೊಬ್ಬರು ಅವನಿಗೆ ಕೊಟ್ಟ ಮರಿ. ಮ್ಯಾಂಕ್ಸ್ ಅಂತ ಜಾತಿಯಂತೆ, ಯಾವುದೋ ದ್ವೀಪದ್ದಂತೆ, ಹುಟ್ಟುವಾಗಲೇ ಬಾಲ ಇರುವುದಿಲ್ಲವಂತೆ. ಹಿಂಗಾಲು ಉದ್ದ, ಓಡಿದರೆ ಮೊಲ ಕುಪ್ಪಳಿಸಿದ ಹಾಗೆ. ಬಾಲವಿರಬೇಕಾದ ಜಾಗದಲ್ಲಿ ಗುಂಡಗೆ ಒಂದು ಕುಚ್ಚು. ಮಂಡಿಗೆ ಬಂದವರೆಲ್ಲ ಇದರ ಬಾಲ ಯಾವ ತಕ್ಕಡಿಗೆ ಸಿಕ್ಕಿತು ಎಂದು ಕೇಳಿ ಕೇಳಿ ಮಾರಯ್ಯನಿಗೆ ರೋಸಿಹೋಗಿತ್ತು. ಐದನೇ ಕ್ಲಾಸಿನ ನನ್ನ ಮಗಳು ಸಿಂಧು ಬಾಯಿ ಬಿಟ್ಟದ್ದೇ ತಡ, ಕೊಟ್ಟುಬಿಟ್ಟ. ಅವಳು ಮೋಟು ಎಂದು ಹೆಸರಿಟ್ಟಳು.

ಎರಡೇ ದಿನಕ್ಕೆ ಮೋಟು ಮಂಡಿಗೆ ವಾಪಸ್ಸು. ಮಾರಯ್ಯ ಚೀಲದಲ್ಲಿ ಹಾಕಿಕೊಂಡು ಬಂದು ಬಿಟ್ಟ. ಮತ್ತೆ ಹೋಯಿತು. ಎರಡನೇ ಸಲ ತರುವಾಗ ಅವನ ಮನಸ್ಸು ಬದಲಾಗಿತ್ತು. ಬೆಕ್ಕಿಲ್ಲದ ದಿನಗಳಲ್ಲಿ ಇಲಿಗಳು ಆಲೂಗಡ್ಡೆ ಚೀಲಗಳನ್ನೆಲ್ಲ ತೂತು ಮಾಡಿದ್ದವಂತೆ.

“ಇನ್ನೊಂದ್ಸಲ ತಾನಾಗೇ ಬಂದ್ರೆ ಅದು ನಂದೇ ಕಣಮ್ಮಿ,” ಎಂದು ಸಿಂಧುವಿಗೆ ಹೇಳಿ ಹೋದ.

ಸಿಂಧು ಅಜ್ಜಿಯ ಸೆರಗು ಹಿಡಿದಳು. ಈಗಿಂದೀಗಲೇ ಬಾಲ ಅಳೆಯಬೇಕು.

“ಇಲ್ದೇ ಇರದ ಎಂಗಮ್ಮಿ ಅಳೀಲಿ?” ಎಂದರು ಅತ್ತೆ.

ಕಿವಿ ಅಳೆಯಿರಿ ಎಂದರು ಪಕ್ಕದ ಮನೆಯ ಪುಟ್ಟಬಸಮ್ಮ. ಕಿವಿ ಅಳೆದರೆ ಕಿವಿ ಮನೆಯಲ್ಲಿ ನಿಲ್ಲುತ್ತದೆ, ಬೆಕ್ಕು ಹೋಗುತ್ತದೆ ಎಂದು ಅತ್ತೆ ಅದನ್ನು ತಳ್ಳಿಹಾಕಿದರು. ಹಳೇ ಬೆಕ್ಕಿನ ಕಡ್ಡಿಯೇ ಇದೆಯಲ್ಲ ಎಂದೆ ನಾನು. ಸತ್ತ ಬೆಕ್ಕು ಬೇಜಾರು ಮಾಡಿಕೊಳ್ಳುತ್ತದಂತೆ. ಕೊನೆಗೆ ಮೋಟುವನ್ನು ತೊಡೆಯ ಮೇಲೆ ಬೋರಲು ಹಾಕಿ, ಕನ್ನಡಕ ಏರಿಸಿ, ಕುಚ್ಚಿನೊಳಗೆ ಬೆರಳಾಡಿಸಿದರು. ಒಂದು ಗಂಟು ಸಿಕ್ಕಿತು. ಅಕ್ಕಿಕಾಳಿನಷ್ಟು. ಅಷ್ಟೇ ಉದ್ದದ ಕಡ್ಡಿಯನ್ನು ಉಗುರಿನ ತುದಿಯಲ್ಲಿ ಹಿಡಿದು ಕಲ್ಲಿನಡಿಗೆ ತಳ್ಳಿದರು.

ಐದು ದಿನ ಮೋಟು ಹೊಸಿಲು ದಾಟಲಿಲ್ಲ.

ಆರನೆಯ ದಿನ ಸೋಮವಾರ. ಸೋಮವಾರ ಮನೆ ತೊಳೆಯಲೇಬೇಕು. ನನಗೋ ಏಳೂವರೆ ಬಸ್ಸು ಹಿಡಿದು ಗುಂಡ್ಲುಪೇಟೆಯ ಆಫೀಸು ಸೇರಬೇಕು. ಎರಡು ಬಕೆಟ್ ನೀರು ಸುರಿದು, ಎಲ್ಲವನ್ನೂ ಬಚ್ಚಲಿಗೆ ನೂಕಿ, ಒದ್ದೆ ಕಾಲಲ್ಲೇ ಓಡಿದ್ದೆ. ಸಂಜೆ ಬಂದರೆ ಬೆಳಗಿನಿಂದ ಬೆಕ್ಕಿಲ್ಲ. ಸಿಂಧು ಮಂಡಿಗೂ ಹೋಗಿ ನೋಡಿ ಬಂದಿದ್ದಳು. ಅಲ್ಲಿಗೆ ಇನ್ನೂ ಬಂದಿರಲಿಲ್ಲ, ಆದರೆ ಮಾರಯ್ಯ ತಟ್ಟೆಯಲ್ಲಿ ಹಾಲು ಬಿಟ್ಟುಕೊಂಡು ಕಾಯುತ್ತಿದ್ದನಂತೆ. ಊಟ ಬೇಡವೆಂದು ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಅತ್ತೆ ಹುಡುಕುತ್ತಿದ್ದದ್ದು ಬೆಕ್ಕನ್ನಲ್ಲ, ಕಡ್ಡಿಯನ್ನು. ಒರಳುಕಲ್ಲು ಒರಗಿಸಿದ್ದರು. ಹಳೆಯ ಮೂರು ಉದ್ದದ ಕಡ್ಡಿಗಳು ಮಣ್ಣಿಗೆ ಅಂಟಿಕೊಂಡು ಹಾಗೇ ಇದ್ದವು. ಅಕ್ಕಿಕಾಳಿನಷ್ಟಿದ್ದದ್ದು ಮಾತ್ರ ಇಲ್ಲ.

ನನಗೆ ಬೆಳಗಿನ ಎರಡು ಬಕೆಟ್ ನೆನಪಾದವು. ಬಾಯಿ ಬಿಡದೆ ನಾನೂ ನೆಲಕ್ಕೆ ಬಗ್ಗಿದೆ. ಸಿಂಧು ಟಾರ್ಚು ತಂದಳು. ಮೂವರೂ ಅಂಬೆಗಾಲಿಡುತ್ತಿದ್ದಾಗ, ಬೆಕ್ಕು ಬಂತೇ ಎಂದು ವಿಚಾರಿಸಲು ಬಂದ ಮಾರಯ್ಯ ಬಾಗಿಲಲ್ಲಿ ನಿಂತ.

“ಏನ್ ಉಡುಕ್ತಿದ್ದರಿ ಗುರುಮಲ್ಲವ್ವ?”

“ಬೆಕ್ಕಿನ್ ಬಾಲವ,” ಎಂದರು ಅತ್ತೆ, ತಲೆ ಎತ್ತದೆ.

“ಅದ್ಕೆ ಬಾಲನೇ ಇಲ್ವಲ್ಲವ್ವ.”

“ಅದ್ಕೇ ಕಣ ಉಡುಕ್ತಿರದು. ಇದ್ದಿದ್ರೆ ಯಾಕ್ ಉಡುಕ್ತಿದ್ದೆ?”

ಮಾರಯ್ಯ ಕೊಂಚ ಯೋಚಿಸಿ, ಚಪ್ಪಲಿ ಬಿಟ್ಟು, ತಾನೂ ಬಗ್ಗಿದ.

ನನಗೆ ಇನ್ನು ತಡೆಯಲಾಗಲಿಲ್ಲ. ಬಚ್ಚಲ ಕಡೆ ನೋಡುತ್ತೇನೆಂದು ಹೋಗಿ, ಕೈಗೆ ಸಿಕ್ಕ ಪೊರಕೆಯ ತುದಿ ಮುರಿದು, ಸಿಕ್ಕಿತೆಂದು ತಂದುಕೊಟ್ಟೆ. ಅತ್ತೆ ಟಾರ್ಚಿನ ಬೆಳಕಲ್ಲಿ ಅದನ್ನು ಹೊರಳಿಸಿ ನೋಡಿ, ಕಲ್ಲಿನಡಿಗೆ ಇಟ್ಟರು. ಅವರಿನ್ನೂ ಬಗ್ಗಿಯೇ ಇದ್ದರು, ಅಟ್ಟದ ಮೇಲಿಂದ ಮೋಟು ಅವರ ಬೆನ್ನ ಮೇಲೆ ಧೊಪ್ಪನೆ ಇಳಿಯಿತು. ದಿನವೆಲ್ಲ ಗೋಣಿಚೀಲಗಳ ನಡುವೆ ಮಲಗಿದ್ದದ್ದು, ನಾಲ್ಕು ಜನ ತನ್ನ ಹಾಗೆ ನಡೆಯುವುದನ್ನು ಹತ್ತಿರದಿಂದ ನೋಡಲು ಬಂದಿರಬೇಕು.

“ಕಟ್ಟಾಕ್ಬುಟ್ರಲ್ಲ ಗುರುಮಲ್ಲವ್ವ,” ಎಂದ ಮಾರಯ್ಯ. ಮರಿ ಹಾಕಿದರೆ ತನಗೊಂದು ಕೊಡಬೇಕು, ಕಡ್ಡಿ ಸಮೇತ, ಎಂದು ಹೇಳಿಯೇ ಹೊರಟ. ಸಿಂಧು ಎರಡು ಸಲ ಅನ್ನ ಹಾಕಿಸಿಕೊಂಡಳು.

ಮಾರನೆಯ ಬೆಳಿಗ್ಗೆ ನಾನು ಬಸ್ಸಿನ ಅವಸರದಲ್ಲಿ ಡಬ್ಬಿಗೆ ತಿಂಡಿ ತುಂಬುತ್ತಿದ್ದಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು.

“ನಾನ್ ಇಟ್ಟಿದ್ದು ತೆಂಗಿನ್ ಪೊರ್ಕೆ ಕಡ್ಡಿ ಕಣವ್ವ. ನೀನ್ ತಂದಿದ್ದು ಉಲ್ ಪೊರ್ಕೇದು.”

ರಾತ್ರಿಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಬೆಕ್ಕು ಬೆನ್ ಮ್ಯಾಲ್ ಕೂತಿತ್ತು. ಬೆಕ್ಕಿಗೇ ಗೊತ್ತಾಗ್ನಿಲ್ಲ, ನಾನ್ಯಾಕ್ ಯೇಳ್ಲಿ?”

ಅದಾದ ಮೇಲಿನ ಸೋಮವಾರಗಳಲ್ಲಿ ಮನೆ ತೊಳೆಯುವಾಗ ಒರಳುಕಲ್ಲಿನ ಸುತ್ತ ಒಂದು ಗೇಣು ಜಾಗ ಬಿಟ್ಟೇ ನೀರು ಹಾಕುತ್ತೇನೆ. ಅದೆಲ್ಲ ಸುಳ್ಳೆಂದು ನನಗೆ ಗೊತ್ತು. ಬೆಕ್ಕಿಗೆ ಗೊತ್ತೋ ಇಲ್ಲವೋ, ಹೇಗೆ ಹೇಳಲಿ?