ಜೇವರ್ಗಿಯ ಕಾಶ್ಮೀರ

ಬುರಾನುದ್ದೀನ ಬರೆಯುತ್ತಿದ್ದ ಹಿಮಾಲಯದಲ್ಲಿ ಯಾವಾಗಲೂ ಒಂದು ಬೇವಿನ ಗಿಡ ಇರುತ್ತಿತ್ತು. ಹಿಂದೆ ಬಿಳಿ ತುದಿಯ ಗುಡ್ಡ, ಮುಂದೆ ಕೆರೆ, ಕೆರೆಯಲ್ಲಿ ದೋಣಿ, ದಂಡೆಯ ತುಂಬ ಕೆಂಪು ಹೂವು, ಬಲಗಡೆ ಬೇವು. ನೆರಳಿಲ್ಲದ ಜಾಗದಲ್ಲಿ ಮದುಮಕ್ಕಳನ್ನು ಹೇಗೆ ನಿಲ್ಲಿಸುವುದು ಎಂಬುದು ಅವನ ವಾದ. ಅದು ತಪ್ಪೆಂದು ಯಾರೂ ಹೇಳಲಿಲ್ಲ. ಹೇಳುವವರಾದರೂ ಯಾರು? ನಮ್ಮ ಕಡೆ ಹಿಮ ಕಂಡವರೇ ಇರಲಿಲ್ಲ.

ಜೇವರ್ಗಿ ಬಸ್ ನಿಲ್ದಾಣದ ಎದುರು ನನ್ನ ಫೋಟೋ ಸ್ಟುಡಿಯೋ. ಬುರಾನ ಮೊದಲು ಆಳಂದದ ಟೆಂಟ್ ಟಾಕೀಸಿಗೆ ಸಿನಿಮಾ ಬೋರ್ಡು ಬರೆಯುತ್ತಿದ್ದ. ಎಪ್ಪತ್ತೆರಡರ ಸುಮಾರಿಗೆ ಹಳೆಯ ಕ್ಯಾಲೆಂಡರ್ ನೋಡಿ ಫೋಟೋಕ್ಕೆ ನಿಂತವರ ಹಿಂದೆ ಕಟ್ಟಲು ನನಗೊಂದು ಕಾಶ್ಮೀರದ ಪರದೆ ಬರೆದುಕೊಟ್ಟ. ಅದನ್ನು ಕಂಡು ಅಫಜಲಪುರದವರು ಕೇಳಿದರು, ಆಳಂದದವರು ಕೇಳಿದರು, ಅಮಾವಾಸ್ಯೆಗೆ ಘತ್ತರಗಿಯ ಗುಡಿಯ ಮುಂದೆ ಟೆಂಟು ಹಾಕುವ ಫೋಟೋದವರೂ ಕೇಳಿದರು. ಪುಡಿ ಬಣ್ಣಕ್ಕೆ ಅಂಟು ಕಲಸಿ, ಮಾಂಜರಪಾಟದ ಬಟ್ಟೆಯ ಮೇಲೆ ಅದೇ ಗುಡ್ಡ, ಅದೇ ಕೆರೆ ಬರೆದೂ ಬರೆದೂ ಕೊಟ್ಟ. ಮೂರು ತಾಲೂಕಿನಲ್ಲಿ ಮದುವೆಯ ಫೋಟೋ ತೂಗುಹಾಕಿದ ಮನೆಯಲ್ಲೆಲ್ಲ ಬುರಾನನ ಗುಡ್ಡ ಇತ್ತು. ಅವನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಪರದೆಯ ಮೇಲೆ ಯಾರು ಸಹಿ ಹಾಕಿಸುತ್ತಾರೆ?

ಎಂಬತ್ತಾರರ ಚಳಿಗಾಲದಲ್ಲಿ ಅವನ ತಲೆ ಕೆಟ್ಟಿತು. ನಮ್ಮೂರಿನ ಲಾರಿ ಡ್ರೈವರ್ ಚಮನಸಾಬ ತೊಗರಿ ಬೇಳೆ ತುಂಬಿಕೊಂಡು ಜಮ್ಮುವಿಗೆ, ಅಲ್ಲಿಂದ ಶ್ರೀನಗರಕ್ಕೆ ಹೊರಟಿದ್ದ.

"ನಾನೂ ಹೊಂಟೀನಿ, ದೌಲತಣ್ಣ," ಎಂದ ಬುರಾನ ನನಗೆ.

"ಯಾಕಲೇ? ಅಲ್ಲಿ ಬ್ಯಾಳಿ ಕುದಸಾಕ?"

"ಇಷ್ಟು ವರ್ಷ ಗುಡ್ಡ ಬರದೀನಿ. ಒಮ್ಮಿ ಅದ್ರ ಮಾರಿ ನೋಡಬಾರ್ದೇನು?"

"ನೀ ನೋಡಿದ್ರ ಅದೇನು ಎದ್ದು ಸಲಾಂ ಹೊಡೀತದಾ? ಮುಂದ ಲಗ್ನದ ಸೀಜನ್ ಅದ. ನನ್ನ ಪರದಿ ಹರದು ಚಿಂದಿ ಆಗ್ಯಾದ. ಹೊಸಾದು ಬರದು ಕೊಟ್ಟು ಎಲ್ಲ್ಯಾರ ಹಾಳಾಗು."

"ಬಂದ ಮ್ಯಾಲ ಬರೀತೇನಿ. ಖರೇ ಗುಡ್ಡ ಬರೀತೇನಿ."

ಹೇಳಿದ್ದಕ್ಕಿಂತ ಬಹಳ ತಡವಾಗಿ ಬಂದ. ತುಟಿ ಒಡೆದಿತ್ತು, ಮೂಗಿನ ಚರ್ಮ ಸುಲಿದಿತ್ತು. ಏನಾಯಿತು ಎಂದರೆ "ಚಳಿ ಇತ್ತು" ಎಂದಷ್ಟೇ ಹೇಳಿದ. ಹೆಂಡತಿ ಹಜರಾಬಿಗೂ ಅವನು ಹೇಳಿದ್ದು ಅಷ್ಟೇ. ಸ್ಟುಡಿಯೋದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕುಳಿತು, ನನ್ನನ್ನು ಒಳಗೆ ಬಿಡದೆ ಬರೆದ.

ಪರದೆ ಕಟ್ಟಿದಾಗ ನನಗೆ ಪಿತ್ತ ನೆತ್ತಿಗೇರಿತು. ಇಡೀ ಬಟ್ಟೆಯ ತುಂಬ ಒಂದೇ ಇಳಿಜಾರು. ಮೇಲೆ ಬೂದಿ ಬಣ್ಣದ ಆಕಾಶ. ಹಿಮವೆಂದರೆ ಒಂದು ಕಡೆ ನೀಲಿ, ಒಂದು ಕಡೆ ಮಾಸಿದ ಹತ್ತಿಯ ಹಾಗೆ. ಕೆಳಗಿನಿಂದ ಒಂದು ರಸ್ತೆ ಹೊರಟು ನಡುವೆ ಇಲ್ಲವಾಗುತ್ತಿತ್ತು.

"ಕೆರಿ ಎಲ್ಲಿ ಹೋಯ್ತಲೇ?"

"ಅಲ್ಲಿ ಇದ್ದಿಲ್ಲ."

"ಹೂವು?"

"ಅವೂ ಇದ್ದಿಲ್ಲ."

"ನಿನ್ನ ತಲಿ?"

"ಅದು ಇತ್ತು. ಅದಕ್ಕೇ ಹಿಂಗ ಬರದೀನಿ."

ಮರುದಿನ ಹಳ್ಳಿಯಿಂದ ಹೊಸ ಜೋಡಿಯೊಂದು ಬಂತು. ಜೊತೆಗೆ ಹುಡುಗನ ಸೋದರತ್ತೆ ಸುಂದರಬಾಯಿ. ಪರದೆ ನೋಡಿದ್ದೇ ಆಕೆ ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಹೊಸಾ ಸೊಸಿ ಬೆನ್ನಿಗಿ ಇಷ್ಟುದ್ದ ಬಿಳೇ ಅರಿವಿ ಕಟ್ಟೀರಲ್ಲ, ನಿಮ್ಮ ಮನ್ಯಾಗ ಹೆಣ್ಮಕ್ಕಳು ಇಲ್ಲೇನ್ರಿ?"

"ಅದು ಹಿಮರಿ ಬಾಯಾರ," ಎಂದ ಬುರಾನ.

"ಹಿಮರೆ ಇರ್ಲಿ, ಹೆಣದ ಅರಿವಿರೆ ಇರ್ಲಿ. ಇದ್ರ ಮುಂದ ನಾವು ನಿಂದ್ರಂಗಿಲ್ಲ."

ಅವರು ಹೊರಬಿದ್ದು ಮುಂದಿನ ಓಣಿಯ ಸ್ಟುಡಿಯೋಕ್ಕೆ ಹೋದರು. ಅಲ್ಲಿ ತೂಗುತ್ತಿದ್ದದ್ದೂ ಬುರಾನನದೇ ಪರದೆ, ಕೆರೆ ಮತ್ತು ದೋಣಿಯದು.

ನಾನು ಒದರಾಡಿದೆ. "ನಾಳಿಗಿ ಇದ್ರ ಮ್ಯಾಲ ಕೆರಿ ಬರಿ, ಹೂವು ಬರಿ. ಇಲ್ಲಂದ್ರ ಇದನ್ನ ಸುತ್ತಿ ತಗೊಂಡು ಹೋಗು. ಮತ್ತ ಈ ಹೊಸ್ತಿಲಾ ತುಳಿಬ್ಯಾಡ!"

"ಇದ್ರ ಮ್ಯಾಲ ಒಂದು ಹೂವಾ ಬರಿಯಂಗಿಲ್ಲ," ಎಂದ ಅವನು. ದನಿ ಏರಿಸಲಿಲ್ಲ. "ಬರೀಬೇಕಾದ್ರ ನಾ ಇನ್ನ ಮುಂದ ಬ್ರಷ್ಷೇ ಹಿಡಿಯಂಗಿಲ್ಲ, ದೌಲತಣ್ಣ." ಕೈಯೊಳಗಿನ ಬ್ರಷ್ಷನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ಕುಳಿತ. ಹೆದರಿಸಲು ಆಡಿದ ಮಾತಲ್ಲ ಅದು. ಅವನನ್ನು ನಾನು ಬಲ್ಲೆ.

ಅಷ್ಟರಲ್ಲಿ ಹಜರಾಬಿ ಬುತ್ತಿ ತಂದಳು.

"ಏನು ಜಗಳಾಡಾಕತ್ತೀರಿ ಅಣ್ಣಾರ? ನಿಮ್ಮ ದನಿಗಿ ಸ್ಟ್ಯಾಂಡಿನಾಗ ಬಸ್ಸು ತಾವೇ ಚಾಲೂ ಆಗಾಕತ್ತಾವ," ಎನ್ನುತ್ತ ಒಳಗೆ ಬಂದವಳು ಪರದೆಯ ಮುಂದೆ ನಿಂತಳು. "ಇದೇನ್ರಿ?"

"ನಾ ಹೋಗಿದ್ದ ಜಾಗ," ಎಂದ ಬುರಾನ.

ಅವಳು ಬಹಳ ಹೊತ್ತು ನೋಡಿದಳು. "ಮತ್ತ ನಿಮ್ಮ ಲಾರಿ ಎಲ್ಲದ?"

ಅವನು ಎದ್ದು, ರಸ್ತೆ ಇಲ್ಲವಾಗುವ ಜಾಗದಲ್ಲಿ ಬೆರಳಿಟ್ಟ. "ಇದ್ರ ಒಳಗ."

"ಒಳಗಂದ್ರ?"

"ಮ್ಯಾಲಿಂದ ಹಿಮ ಜಾರಿ ಬಂತು. ಮಿಲಿಟ್ರಿಯವರು ಅಗದು ತಗದ್ರು, ನನಗೂ ಚಮನಸಾಬಗೂ. ನಮ್ಮ ಮುಂದಿನ ಲಾರಿಯವರು ಉಳೀಲಿಲ್ಲ."



"ಚಳಿ ಇತ್ತು ಅಂದಿದ್ರಿ," ಎಂದಳು ಹಜರಾಬಿ.

"ಚಳೀನೂ ಇತ್ತು."

ಅವಳು ಬುತ್ತಿಯನ್ನು ಕುಕ್ಕಿ, ಕನ್ನಡದಲ್ಲೂ ತಮ್ಮ ಮನೆಮಾತಿನಲ್ಲೂ ಅವನನ್ನು ಬೈದಳು. ಬೈದು ಸಾಕಾಗಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಣ್ಣಾರ, ಇದ್ರ ಮುಂದ ಯಾರಿಗೂ ನಿಂದರಿಸಿ ನಗ್ರಿ ಅನಬ್ಯಾಡ್ರಿ."

ನನ್ನ ಕಸುಬೇ ಅದು, ನಿಲ್ಲಿಸಿ ನಗ್ರಿ ಅನ್ನುವುದು. ಆ ಪರದೆಯಲ್ಲಿ ಮನುಷ್ಯ ನಿಲ್ಲಲು ಅವನು ಜಾಗವನ್ನೇ ಬಿಟ್ಟಿರಲಿಲ್ಲ. ಅದು ಇಷ್ಟು ಹೊತ್ತು ನನಗೆ ಹೊಳೆದಿರಲಿಲ್ಲ.

"ಅಕಿ ಅನ್ನೂದು ಖರೇ ಅದ," ಎಂದ ಬುರಾನ. "ಇದು ಪರದಿ ಅಲ್ಲ. ಮನಿಗಿ ಒಯ್ತೇನಿ. ನಿನಗ ಬ್ಯಾರೇ ಅರಿವಿ ಮ್ಯಾಲ ಕೆರಿ ಬರದು ಕೊಡ್ತೇನಿ." ಹಗ್ಗದ ಗಂಟು ಬಿಚ್ಚಲು ಕೈ ಎತ್ತಿದ.

"ತಡಿಯಲೇ," ಎಂದೆ.

ದೀಪ ಹಚ್ಚಿದೆ. ಮದುಮಕ್ಕಳ ಸ್ಟೂಲುಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದೆ. ಕ್ಯಾಮೆರಾದಲ್ಲಿ ಹೊಸ ಕಲರ್ ರೀಲು ಇತ್ತು. ಗಂಡ ಹೆಂಡತಿ ಇಬ್ಬರನ್ನೂ ಬಾಗಿಲ ಕಡೆ ಸರಿಸಿ, ಪರದೆಯೊಂದನ್ನೇ ಫೋಟೋದಲ್ಲಿ ಹಿಡಿದೆ.

"ಯಾರೂ ಇಲ್ಲದ ಫೋಟೋ ಏನು ಮಾಡ್ತೀ? ಸುಮ್ನ ರೀಲು ಹಾಳು," ಎಂದ ಬುರಾನ.

"ಬಾಯಿ ಮುಚಗೊಂಡು ಕೆರಿ ಪರದಿಗಿ ಅಂಟು ಕಲಸು ನೀ," ಎಂದು ಇನ್ನೊಮ್ಮೆ ಬಟನ್ ಒತ್ತಿದೆ.